ದೂರದಿಂದಲೇ ತೋಟದ ಯಂತ್ರಕ್ಕೆ ಅಪ್ಪಣೆ ಕೊಡುವ ಬಗೆ



ಕಮಲಾಪುರದ ಕೆಂಪು ಬಾಳೆಗೆ ನೀರು ತಪ್ಪಿದರೆ ಗೊನೆ ತುಂಬುವುದಿಲ್ಲ. ಹಾಗೆಂದು ರೈತನು ಹಗಲಿರುಳು ಪಂಪಿನ ಬಳಿಯೇ ಕುಳಿತಿರಲು ಸಾಧ್ಯವೇ? ಆತನು ಯಾವುದೋ ಕೆಲಸದ ನಿಮಿತ್ತ ಕಲಬುರಗಿಗೆ ಬಂದು ಸ್ಟೇಶನ್ ಬಜಾರದಲ್ಲಿದ್ದಾನೆ ಎಂದಿಟ್ಟುಕೊಳ್ಳೋಣ. ತೋಟವು ಸುಮಾರು 35 ಕಿ.ಮೀ. ದೂರದಲ್ಲಿದೆ. ಮೂರು ಫೇಸಿನ ವಿದ್ಯುತ್ತು ಬಂದಿತೇ, ಪಂಪು ಎಷ್ಟು ತಾಸು ನಡೆಯಿತು ಎಂಬುದನ್ನು ಅಲ್ಲಿಂದಲೇ ತಿಳಿಯುವ ಉಪಾಯವಿದೆ.

ಮೊಬೈಲ್ ಸ್ಟಾರ್ಟರನ್ನು ನಿಮ್ಮಲ್ಲಿ ಹಲವರು ಕಂಡಿರುವಿರಿ. ಪಂಪು ಹಚ್ಚು, ಆರಿಸು, ಇಷ್ಟೇ ಅದರ ಮುಖ್ಯ ವಿದ್ಯೆ. ಅದಷ್ಟೇ ಸಾಕೆನ್ನುವವರು ಅದನ್ನೇ ಇಟ್ಟುಕೊಳ್ಳುವುದು ಲೇಸು. ಲೆಕ್ಕವನ್ನೂ ಬರೆದಿಡಬೇಕು, ಹೊಸ ಕೆಲಸವನ್ನೂ ಕಲಿಸಬೇಕು ಎನ್ನುವವರಿಗೆ ಅಂಗೈಯಗಲದ ಒಂದೇ ಹಲಗೆಯ ಕಂಪ್ಯೂಟರು ಉಂಟು. ಇವುಗಳಲ್ಲಿ ಪ್ರಸಿದ್ಧವಾದ ರಾಸ್ಪ್‌ಬೆರಿ ಪೈ ಎಂಬುದು 2012ರಲ್ಲಿ ಇಂಗ್ಲೆಂಡಿನಿಂದ ಹೊರಬಂದಿತು. ಪಂಪಿನ ಮನೆಯಲ್ಲಿ ಇದಕ್ಕೆ ಪರದೆಯೂ ಇಲ್ಲ, ಕೀಲಿಮಣೆಯೂ ಇಲ್ಲ. ಆದ್ದರಿಂದ ನಮ್ಮ ಫೋನಿನಿಂದಲೋ ಕಂಪ್ಯೂಟರಿನಿಂದಲೋ ಜಾಲದ ಮೂಲಕ ಅದರೊಳಕ್ಕೆ ಪ್ರವೇಶಿಸಬೇಕು. ಇದಕ್ಕೇ ದೂರದ ಲಾಗಿನ್ ಎನ್ನುತ್ತಾರೆ. ಗ್ರಾಮ ಪಂಚಾಯಿತಿಗಳಲ್ಲಿ ನಿಲ್ಲಿಸಿರುವ ಮಳೆಮಾಪಕವು 15 ನಿಮಿಷಕ್ಕೊಮ್ಮೆ ತಾನಾಗಿ ವರದಿ ಕಳಿಸುತ್ತದೆ. ಆದರೆ ಈ ಹಲಗೆ ನಮ್ಮ ಅಪ್ಪಣೆಯನ್ನೂ ಪಾಲಿಸುತ್ತದೆ. ಅನುಕೂಲವೂ ಅಪಾಯವೂ ಇಲ್ಲಿಯೇ ಇವೆ.

ಹಿಂದೆ ಇಂಥ ಪ್ರವೇಶದಲ್ಲಿ ಗುಪ್ತಪದವು ತೆರೆದ ಕಾರ್ಡಿನಂತೆ ಜಾಲದಲ್ಲಿ ಸಾಗುತ್ತಿತ್ತು; ದಾರಿಯಲ್ಲಿ ಯಾರೂ ಓದಬಹುದಾಗಿತ್ತು. ಫಿನ್‌ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹೀಗೆಯೇ ಕಳವಾದಾಗ, ಅಲ್ಲಿಯ ತಾತು ಯ್ಲೋನೆನ್ ಎಂಬವರು 1995ರಲ್ಲಿ ಎಸ್‌ಎಸ್‌ಎಚ್ ಎಂಬ ಕ್ರಮವನ್ನು ರಚಿಸಿದರು. ಇದರಲ್ಲಿ ಮಾತೆಲ್ಲವೂ ಗೂಢಲಿಪಿಯಲ್ಲಿ ಸಾಗುತ್ತದೆ. ಮೊದಲ ಸಲ ಪ್ರವೇಶಿಸುವಾಗ ಹಲಗೆಯು ತನ್ನ ಹೆಬ್ಬೆಟ್ಟಿನಂಥ ಒಂದು ಗುರುತನ್ನು ತೋರಿಸಿ, ಒಪ್ಪಿಗೆಯೇ ಎಂದು ಕೇಳಿಸುತ್ತದೆ. ಮುಂದೆಂದಾದರೂ ಗುರುತು ಬದಲಾಗಿದೆ ಎಂಬ ಎಚ್ಚರಿಕೆ ಬಂದರೆ, ಕಾರಣ ತಿಳಿಯುವವರೆಗೆ ಒಳಹೋಗಬಾರದು.

2022ರ ಏಪ್ರಿಲಿನವರೆಗೆ ರಾಸ್ಪ್‌ಬೆರಿ ಪೈನ ತಂತ್ರಾಂಶದಲ್ಲಿ ಎಲ್ಲರಿಗೂ ಒಂದೇ ಹೆಸರು, ಒಂದೇ ಗುಪ್ತಪದ ಇರುತ್ತಿತ್ತು: ‘ಪೈ’ ಮತ್ತು ‘ರಾಸ್ಪ್‌ಬೆರಿ’. ಊರಿಗೆಲ್ಲ ಒಂದೇ ಕೀಲಿಕೈ ಎಂದಂತಾಯಿತು! ಹಳೆಯ ಕಾರ್ಡು ಹಾಕಿದ ಹಲಗೆಗಳಲ್ಲಿ ಅದು ಇನ್ನೂ ಇರಬಹುದು. ಯಾರೋ ಅಪರಿಚಿತನು ಒಳನುಗ್ಗಿ ರಾತ್ರಿಯೆಲ್ಲ ಪಂಪು ನಡೆಸಿದರೆ ಬಾವಿ ಬರಿದಾಗಿ ಮೋಟಾರು ಸುಟ್ಟೀತು. ಯಂತ್ರ ಕೂಡಿಸಿಕೊಟ್ಟವರು ಹೋದ ಕೂಡಲೇ ಗುಪ್ತಪದವನ್ನು ಬದಲಾಯಿಸತಕ್ಕದ್ದು. ಅವರ ಮೇಲೆ ಸಂಶಯವೆಂದಲ್ಲ; ಮನೆ ಕಟ್ಟಿದ ಗೌಂಡಿಗೆ ಕೀಲಿಕೈ ಬಿಟ್ಟುಕೊಡುವುದುಂಟೇ?

ಗುಪ್ತಪದಕ್ಕಿಂತ ಜೋಡಿ ಕೀಲಿಯ ಪದ್ಧತಿಯು ಉತ್ತಮ. ಕೀಲಿಯನ್ನು ಹಲಗೆಯ ಮೇಲೆ ಹಾಕಿ, ಕೀಲಿಕೈಯನ್ನು ನಿಮ್ಮ ಫೋನಿನಲ್ಲಿಯೇ ಇಡುವುದು. ಕೀಲಿಯನ್ನು ಯಾರು ನೋಡಿದರೂ ಬಾಧಕವಿಲ್ಲ. ಕೀಲಿಕೈಯನ್ನು ಮಾತ್ರ ಯಾರಿಗೂ ಕಳಿಸಬಾರದು, ವಾಟ್ಸಾಪಿನಲ್ಲಂತೂ ಬೇಡವೇ ಬೇಡ.

ಮನೆಯ ವೈಫೈಯಲ್ಲಿ ಪ್ರವೇಶ ಸುಲಭ. ಹೊಲದಲ್ಲಿ ಸಿಮ್ ಹಾಕಿದಾಗ ತೊಡಕು ಬರುತ್ತದೆ. ಸಾಮಾನ್ಯವಾಗಿ ಮೊಬೈಲ್ ಕಂಪನಿಯವರು ಅನೇಕ ಸಿಮ್‌ಗಳಿಗೆ ಹೊರಗಿನ ಒಂದೇ ವಿಳಾಸವನ್ನು ಹಂಚಿರುತ್ತಾರೆ. ದೊಡ್ಡ ವಾಡೆಗೆ ಒಂದೇ ಅಗಸೆ ಬಾಗಿಲಿದ್ದಂತೆ. ಹೊರಗಿನಿಂದ ಬಂದವನಿಗೆ ನಿಮ್ಮ ಕೋಣೆ ಯಾವುದೆಂದು ತಿಳಿಯದು. ಇದಕ್ಕೆ ಪರಿಹಾರವೆಂದರೆ ಹಲಗೆಯೇ ಮೊದಲು ಹೊರಗಿರುವ ಒಂದು ನಡುಗಂಪ್ಯೂಟರಿಗೆ ಕರೆ ಮಾಡಿ ಆ ತಂತಿಯನ್ನು ಹಿಡಿದಿರುವುದು. ನೀವು ಸ್ಟೇಶನ್ ಬಜಾರದಿಂದ ಅದೇ ತಂತಿಯ ಮೂಲಕ ಒಳಹೋಗುವುದು. ಈ ಏರ್ಪಾಟನ್ನು ತಿಳಿದವರಿಂದಲೇ ಮಾಡಿಸಿಕೊಳ್ಳಿರಿ. ಬರಿಯ ಬಾಗಿಲನ್ನು ಜಗತ್ತಿಗೆಲ್ಲ ತೆರೆದಿಡುವ ಸುಲಭೋಪಾಯವನ್ನು ಯಾರಾದರೂ ಹೇಳಿದರೆ ಒಪ್ಪಬೇಡಿರಿ.

ಈ ಹಲಗೆ 5 ವೋಲ್ಟಿನದು, ಪಂಪು 415 ವೋಲ್ಟಿನದು. ನಡುವೆ ರಿಲೇ ಕೂಡಿಸುವ ಕೆಲಸವು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನನದು. ನೀರಿಲ್ಲದಾಗ ಮೋಟಾರು ತಾನಾಗಿ ನಿಲ್ಲುವ ಏರ್ಪಾಟು ಸ್ಟಾರ್ಟರಿನಲ್ಲಿಯೇ ಬೇರೆಯಾಗಿರಬೇಕು. ಫಕ್ಕನೆ ವಿದ್ಯುತ್ತು ಹೋದರೆ ಹಲಗೆಯ ಮೆಮೊರಿ ಕಾರ್ಡು ಕೆಡುವುದುಂಟು. ಸಣ್ಣ ಬ್ಯಾಟರಿಯೊಂದನ್ನು ಕೂಡಿಸಿ, ಕಾರ್ಡಿನ ಒಂದು ಪ್ರತಿಯನ್ನು ಮನೆಯಲ್ಲಿ ಇಟ್ಟಿರಿ. ಹೊಲಕ್ಕೆ ಒಯ್ಯುವ ಮೊದಲು ಪಂಪಿನ ಬದಲಿಗೆ ಒಂದು ಬಲ್ಬನ್ನು ಹಚ್ಚಿ, ಎಂಟು ದಿನ ಮನೆಯಲ್ಲಿಯೇ ನಡೆಸಿ ನೋಡಿರಿ.