ಮಾಂಸದ ಬಡತನ

ನಮ್ಮ ಕಡೆಯ ಮುದುಕಿಯರು ತಮ್ಮ ದೇಹಸ್ಥಿತಿಯನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾರೆ: "ಕೈಕಾಲಲ್ಲಿ ಕಸುವಿಲ್ಲ." ಆ ಕಸುವು ಎಲ್ಲಿ ಹೋಯಿತೆಂದು ಕೇಳುವವರಿಲ್ಲ. ವೈದ್ಯಶಾಸ್ತ್ರವೂ ಬಹುಕಾಲ ಅದನ್ನು ವಯೋಧರ್ಮವೆಂದೇ ಬಗೆದಿತ್ತು. ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಎಂಬ ವಿದ್ವಾಂಸರು 1989ರಲ್ಲಿ ಇದಕ್ಕೆ 'ಸಾರ್ಕೋಪೀನಿಯ' ಎಂಬ ಹೆಸರನ್ನು ಸೂಚಿಸಿದರು. ಗ್ರೀಕಿನಲ್ಲಿ 'ಸಾರ್ಕ್ಸ್' ಎಂದರೆ ಮಾಂಸ, 'ಪೀನಿಯ' ಎಂದರೆ ಬಡತನ. ಕನ್ನಡ ಪಾಠ ಹೇಳುವ ನನಗೆ ಈ ಪದ ಬಲು ಹಿಡಿಸಿತು. ಬಡತನವೆಂದ ಮೇಲೆ ನೀಗುವ ದಾರಿಯೂ ಇರಬೇಕಲ್ಲ!

ದಾರಿ ತೋರಿದವರು ಬಾಸ್ಟನ್ನಿನ ವೈದ್ಯೆ ಮರಿಯಾ ಫಿಯಾಟರೋನ್. 1990ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಭಾಗಿಗಳಾದವರು ವೃದ್ಧಾಲಯದ ಹತ್ತು ಮಂದಿ. ಸರಾಸರಿ ವಯಸ್ಸು 90. ಅವರಿಂದ ಕಾಲಿನಲ್ಲಿ ಭಾರ ಎತ್ತಿಸಿದರು. ಶಕ್ತಿಯ ಶೇಕಡಾ 80ರವರೆಗೆ ಏರಿಸಿದರು. ಎಂಟು ವಾರಗಳಲ್ಲಿ, ಕೊನೆಯತನಕ ನಿಂತ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174ರಷ್ಟು ಹೆಚ್ಚಿತು. ಇಬ್ಬರು ಊರುಗೋಲನ್ನು ಮೂಲೆಗಿಟ್ಟರು.

1994ರ ಅವರ ಎರಡನೆಯ ಪ್ರಯೋಗ ಇನ್ನೂ ಸ್ವಾರಸ್ಯವಾದುದು. ನೂರು ಮಂದಿ, ಅವರಲ್ಲಿ 63 ಮಂದಿ ಹೆಂಗಸರು. ಕೆಲವರಿಗೆ ಕಸರತ್ತು, ಕೆಲವರಿಗೆ ಪೌಷ್ಟಿಕ ಪೇಯ, ಕೆಲವರಿಗೆ ಎರಡೂ, ಉಳಿದವರಿಗೆ ಎರಡೂ ಇಲ್ಲ. ಹತ್ತು ವಾರಗಳಲ್ಲಿ ಕಸರತ್ತು ಮಾಡಿದವರ ಬಲ ಇಮ್ಮಡಿಗೂ ಮೀರಿತು. ಬರಿಯ ಪೇಯ ಕುಡಿದವರಿಗೆ ಬಲ ಬರಲಿಲ್ಲ. ಅಷ್ಟೇ ಅಲ್ಲ, ಪೇಯದಿಂದ ಒಟ್ಟು ಆಹಾರ ಹೆಚ್ಚಿದ್ದೂ ಕಸರತ್ತು ಮಾಡಿದವರಲ್ಲಿ ಮಾತ್ರ! ಡಬ್ಬಿಯ ಪುಡಿ ತಂದು ತಾಯಿಯ ಮುಂದಿಟ್ಟು ಋಣ ತೀರಿತೆಂದುಕೊಳ್ಳುವ ಮಕ್ಕಳು ಇದನ್ನು ಗಮನಿಸಬೇಕು.

ಆಹಾರ ಬೇಡವೆಂದಲ್ಲ. ಅರವತ್ತೈದು ದಾಟಿದವರಿಗೆ ದೇಹತೂಕದ ಪ್ರತಿ ಕಿಲೋಗ್ರಾಂಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆಂದು 2013ರಲ್ಲಿ ತಜ್ಞರ ಮಂಡಲಿಯೊಂದು ಹೇಳಿತು. ಐವತ್ತು ಕಿಲೋ ತೂಗುವಾಕೆಗೆ ದಿನಕ್ಕೆ 50ರಿಂದ 60 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಸುಮಾರು 6 ಗ್ರಾಂ; ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅನ್ನ, ತಿಳಿಸಾರು, ನೀರುಮಜ್ಜಿಗೆಯ ಒಪ್ಪೊತ್ತಿನೂಟ ಈ ಲೆಕ್ಕದ ಹತ್ತಿರಕ್ಕೂ ಬಾರದು. ಬೇಳೆ, ಕಾಳು, ಮೊಸರು ಗಟ್ಟಿಯಾಗಿಯೇ ತಟ್ಟೆಗೆ ಬೀಳಬೇಕು. ಮೂತ್ರಪಿಂಡದ ತೊಂದರೆಯಿದ್ದವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಿಕೊಳ್ಳಬಾರದು.

ಒನಕೆ, ಬೀಸುವ ಕಲ್ಲು, ಬಾವಿಯ ಹಗ್ಗಗಳೇ ಹಿಂದಿನವರ ವ್ಯಾಯಾಮವೆಂದು ಹೊಗಳುವವರುಂಟು. ನಾನು ಆ ಗುಂಪಿಗೆ ಸೇರಿದವನಲ್ಲ. ಬೀಸಿದಾಕೆಯ ಪಾಲಿಗೆ ಬಂದದ್ದು ಪಾತ್ರೆಯ ತಳದಲ್ಲಿ ಉಳಿದ ಅನ್ನ. ಈಗಲೋ ಇನ್ನೊಂದು ಬಗೆ: ಅರವತ್ತಾಯಿತೆಂದರೆ ಕೈಯಲ್ಲಿನ ಕೊಡವನ್ನು ಪ್ರೀತಿಯಿಂದಲೇ ಕಸಿದುಕೊಂಡು ಕೂರಿಸುತ್ತೇವೆ. ಮೊದಲೇ ಹೆಂಗಸರಿಗೆ ಮಾಂಸಖಂಡ ಕಡಿಮೆ. ಮುಟ್ಟು ನಿಂತ ಮೇಲೆ ಸವೆತ ಹೆಚ್ಚು, ಮೂಳೆಯೂ ಟೊಳ್ಳಾಗತೊಡಗುತ್ತದೆ. ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಬಚ್ಚಲಿಗೆ ಹೋಗಲೂ ಪರರ ಕೈಯನ್ನು ಕಾಯಬೇಕಾದೀತು.

ನಮ್ಮ ಬೀದಿಯ ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ಅವರು ನಕ್ಕರು: "ಈ ವಯಸ್ಸಿನಲ್ಲಿ ಗರಡಿಮನೆಗೆ ಹೋಗಲೇನಪ್ಪ?" ಗರಡಿ ಬೇಕಿಲ್ಲ. ಗೋಡೆಗೆ ಒತ್ತಿಸಿಟ್ಟ ಗಟ್ಟಿ ಕುರ್ಚಿಯಿಂದ ಕೈಯೂರದೆ ಎದ್ದು ಮೆಲ್ಲನೆ ಕೂರುವುದು, ವಾರಕ್ಕೆ ಎರಡು ಮೂರು ದಿನ. ಅದು ಸುಲಭವಾದೊಡನೆ ಎದೆಗವಚಿ ಒಂದು ಸೇರು ಅಕ್ಕಿಯ ಗಂಟು, ಅನಂತರ ಎರಡು ಸೇರು. ಪಂಕ್ತಿಯಲ್ಲಿ ನೆಲದ ಮೇಲೆ ಕುಳಿತು ಉಂಡು, ಯಾರನ್ನೂ ಹಿಡಿಯದೆ ಏಳಬೇಕೆಂಬುದು ಅವರ ಆಸೆ. ಸದ್ಯಕ್ಕೆ ಕುರ್ಚಿಯಿಂದ ಆರು ಸಲ ಏಳುತ್ತಾರೆ. ಏಳನೆಯದಕ್ಕೆ ಸೊಸೆಯನ್ನು ಬಯ್ಯುತ್ತಾರಂತೆ.