ಕಾಫಿ ಮಾರಲು ಪರದೇಶಕ್ಕೆ: ಕೆಲವು ಅನುಭವದ ಮಾತುಗಳು



ನಮ್ಮ ತಂದೆಯವರ ಕಾಲದಲ್ಲಿ ಕಾಫಿ ಬೆಳೆಗಾರನಿಗೆ ಪರದೇಶ ಪ್ರಯಾಣದ ಗೊಡವೆಯೇ ಇರಲಿಲ್ಲ. ಕ್ಯೂರಿಂಗ್ ವರ್ಕ್ಸಿಗೆ ಕಾಫಿ ಹಾಕಿ ಬಂದರೆ ಮುಗಿಯಿತು. ಹರಾಜು, ರಫ್ತು ಎಲ್ಲವೂ ಕಾಫಿ ಮಂಡಳಿಯ ಪಾಲಿನದು. ಕಂತಿನ ಹಣಕ್ಕೆ ಕಾಯುವುದಷ್ಟೇ ನಮ್ಮ ಪಾಲಿನದು. 1996ರಲ್ಲಿ ಮಾರಾಟ ಪೂರ್ತಿಯಾಗಿ ಮುಕ್ತವಾದ ಮೇಲೆ ಆ ಕಾಲ ಹೋಯಿತು. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ. ಜರ್ಮನಿಯೂ ಹಿಂದೆ ಬಿದ್ದಿಲ್ಲ. ಒಳ್ಳೆಯ ಬೆಲೆ ಬೇಕೆಂಬವರು ಕೊಳ್ಳುವವರ ಮುಖ ನೋಡಿ ಬರುವುದು ವಾಡಿಕೆಯಾಗುತ್ತಿದೆ. ನಾವೂ ಕೆಲವು ವರ್ಷಗಳಿಂದ ವರ್ಷಕ್ಕೆ ಎರಡು ಸಲವಾದರೂ ಹೋಗಿಬರುತ್ತಿದ್ದೇವೆ. ಆ ಓಡಾಟದಲ್ಲಿ ಕಲಿತ ನಾಲ್ಕು ಮಾತುಗಳನ್ನು ಇಲ್ಲಿ ಬರೆದಿದ್ದೇವೆ.

ಮೊದಲು ನಮ್ಮ ತಪ್ಪು

ಇಟಲಿಗೆ ಎರಡನೆಯ ಸಲ ಹೋದಾಗ, ಖರ್ಚು ಉಳಿಸುವ ಲೆಕ್ಕದಲ್ಲಿ ಮೂರು ದಿನಕ್ಕೆ ನಾಲ್ಕು ಭೇಟಿಗಳನ್ನು ತುರುಕಿದ್ದೆವು. ಸಂಜೆ ತೋಟ ಬಿಟ್ಟು ಬೆಂಗಳೂರಿನವರೆಗೆ ಕಾರಿನಲ್ಲಿ ಕುಳಿತು, ನಡುರಾತ್ರಿ ಕಳೆದ ಮೇಲೆ ವಿಮಾನ ಹತ್ತಿ, ದಾರಿಯಲ್ಲಿ ಮತ್ತೊಂದಕ್ಕೆ ಬದಲಾಯಿಸಿ, ಆ ಮಧ್ಯಾಹ್ನವೇ ಖರೀದಿದಾರರ ಕಪ್ಪಿಂಗ್ ಮೇಜಿನ ಮುಂದೆ ನಿಂತೆವು. ಕಣ್ಣಿಗೆ ನಿದ್ದೆಯಿಲ್ಲ, ವಿಮಾನದ ಒಣ ಗಾಳಿಗೆ ಮೂಗು ಕಟ್ಟಿತ್ತು. ಅವರು ನಮ್ಮ ರೊಬಸ್ಟಾ ಚೆರಿಯ ಬಟ್ಟಲನ್ನು ಎರಡು ಸಲ ಹೀರಿ, ಮುಗ್ಗಲು ವಾಸನೆ ಇದೆ ಎಂದರು. ನಮಗೆ ಏನೂ ತಿಳಿಯಲಿಲ್ಲ. ತಿಳಿಯದು ಎನ್ನುವ ಬದಲು, ಸಾಧ್ಯವೇ ಇಲ್ಲವೆಂದು ವಾದಿಸಿದೆವು. ಅವರು ಬಟ್ಟಲು ಕೆಳಗಿಟ್ಟು ಮರ್ಯಾದೆಯಿಂದಲೇ ಬೀಳ್ಕೊಟ್ಟರು.

ಊರಿಗೆ ಬಂದು ವಾರದ ಮೇಲೆ, ಮನೆಯಲ್ಲಿ ಇಟ್ಟುಕೊಂಡಿದ್ದ ಅದೇ ಮಾದರಿಯನ್ನು ಬೆಳಗಿನ ಹೊತ್ತು ಪರೀಕ್ಷಿಸಿದೆವು. ಮೊದಲನೆಯ ಚಮಚಕ್ಕೇ ಮುಗ್ಗಲು! ಕಣದಲ್ಲಿ ಒಣಗುತ್ತಿದ್ದ ಒಂದು ರಾಶಿ ಅಕಾಲದ ಮಳೆಗೆ ನೆನೆದದ್ದು ಆಗ ನೆನಪಿಗೆ ಬಂತು. ತಪ್ಪೊಪ್ಪಿಕೊಂಡು ಪತ್ರ ಬರೆದೆವು. ಮುಂದಿನ ವರ್ಷ ಅವರು ಮತ್ತೆ ಮಾದರಿ ಕೇಳಿದರು, ಕೊಂಡರು. ಆದರೆ ಮೊದಲು ಮಾತಾಡಿದ್ದರ ಮೂರನೆಯ ಒಂದು ಪಾಲು ಮಾತ್ರ.

ಪ್ರಯಾಣದಲ್ಲಿ ಸುಖ ನೋಡುವುದು ಷೋಕಿ ಎಂದು ನಾವು ತಿಳಿದಿದ್ದೆವು. ಹಾಗಲ್ಲ. ಮೂಗು, ನಾಲಿಗೆ, ತಾಳ್ಮೆ, ಈ ಮೂರೂ ನಾವು ಅಲ್ಲಿಗೆ ಒಯ್ಯುವ ಬಂಡವಾಳ. ಅದನ್ನು ದಾರಿಯಲ್ಲೇ ಕರಗಿಸಿದರೆ ಟಿಕೆಟ್ಟಿನ ಹಣವೂ ದಂಡವೇ.

ತೋಟದ ಏರ್ಪಾಡು

ನಮ್ಮ ಕಷ್ಟವೆಂದರೆ, ಕೊಳ್ಳುವವರು ಒಂದೆಡೆ ಸೇರುವ ಕಾಲವೂ ನಾವು ತೋಟ ಬಿಡಲಾಗದ ಕಾಲವೂ ಒಂದೇ ಆಗಿರುವುದು. ಯುರೋಪಿನ ದೊಡ್ಡ ಮೇಳವಾದ ‘ವರ್ಲ್ಡ್ ಆಫ್ ಕಾಫಿ’ 2023ರಲ್ಲಿ ಅಥೆನ್ಸ್, 2024ರಲ್ಲಿ ಕೋಪನ್‌ಹೇಗನ್, 2025ರಲ್ಲಿ ಜಿನೀವಾದಲ್ಲಿ ನಡೆಯಿತು. ಮೂರೂ ಜೂನ್ ತಿಂಗಳಲ್ಲಿ. ಮಳೆ ಹಿಡಿಯುವ ಮುನ್ನ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕಾದ ದಿನಗಳವು. ತಪ್ಪಿದರೆ ಕೊಳೆರೋಗ ಕಾದಿರುತ್ತದೆ. ದುಬೈ ಮೇಳ 2024ರಲ್ಲಿ ಜನವರಿಯಲ್ಲಿ, 2025ರಲ್ಲಿ ಫೆಬ್ರವರಿಯಲ್ಲಿ ಬಂತು. ಆಗ ರೊಬಸ್ಟಾ ಕೊಯ್ಲು, ಅದರ ಬೆನ್ನಿಗೇ ಹೂಮಳೆಯ ಚಿಂತೆ.

ಆದ್ದರಿಂದ ಪ್ರಯಾಣದ ಸಿದ್ಧತೆ ಪೆಟ್ಟಿಗೆಯಿಂದಲ್ಲ, ತೋಟದಿಂದ ಶುರುವಾಗಬೇಕು. ಒಮ್ಮೆ ನಮ್ಮಲ್ಲಿ ಸಂತೆಯ ದಿನ ಆಳುಗಳ ಬಟವಾಡೆ ನಿಂತುಹೋಯಿತು. ಬ್ಯಾಂಕಿನ ಓಟಿಪಿ ನಮ್ಮ ಮೊಬೈಲಿಗೆ ಬರಬೇಕು. ನಾವೋ ಇಟಲಿಯ ರೈಲಿನಲ್ಲಿ. ಅಂದಿನಿಂದ ಖಾತೆಯನ್ನು ಮನೆಯವರೊಂದಿಗೆ ಜಂಟಿಯಾಗಿಸಿದ್ದೇವೆ. ಮೈಲುತುತ್ತ, ಸುಣ್ಣ, ಡೀಸೆಲ್ ಮೊದಲೇ ತರಿಸಿಟ್ಟು, ಮಳೆ ಬಂದರೆ ಏನು, ಬಾರದಿದ್ದರೆ ಏನು ಎಂದು ಒಂದು ಹಾಳೆಯಲ್ಲಿ ಬರೆದಿಡುತ್ತೇವೆ. ಫೋನು ದಿನಕ್ಕೆ ಒಂದೇ ಸಲ: ಬೇಸಿಗೆಯಲ್ಲಿ ಇಟಲಿಯ ಸಂಜೆ 4 ಗಂಟೆಯೆಂದರೆ ನಮ್ಮಲ್ಲಿ ರಾತ್ರಿ 7.30. ಅಷ್ಟರಲ್ಲಿ ಆಳಿನ ಲೆಕ್ಕ, ಮಳೆಯ ಲೆಕ್ಕ ಎರಡೂ ಸಿಗುತ್ತವೆ. ಗಳಿಗೆಗೊಂದು ಫೋನು ಮಾಡುತ್ತಿದ್ದ ಕಾಲದಲ್ಲಿ ತೋಟವೂ ನೆಟ್ಟಗಿರಲಿಲ್ಲ, ನಮ್ಮ ಮನಸ್ಸೂ ಅಲ್ಲಿರಲಿಲ್ಲ.

ಕಾಗದಪತ್ರ

ಪದೇ ಪದೇ ಹೋಗುವವರು ಪಾಸ್‌ಪೋರ್ಟ್ ಹೊಸದು ಮಾಡಿಸುವಾಗ 36 ಪುಟದ್ದರ ಬದಲು 60 ಪುಟದ್ದನ್ನು ಕೇಳುವುದು ಲೇಸು. ಯುರೋಪಿನ ಷೆಂಗೆನ್ ವೀಸಾಕ್ಕೆ ಪ್ರಯಾಣದ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಇರಲೇಬೇಕು. ಹಿಂದಿನ ಮೂರು ವರ್ಷಗಳಲ್ಲಿ ಎರಡು ವೀಸಾ ಪಡೆದು ಕ್ರಮವಾಗಿ ಬಳಸಿದ ಭಾರತೀಯರಿಗೆ, ಹಲವು ಸಲ ಹೋಗಿಬರುವ 2 ವರ್ಷದ ವೀಸಾ ಕೊಡುವ ಪದ್ಧತಿ 2024ರ ಏಪ್ರಿಲಿನಲ್ಲಿ ಬಂದಿದೆ; ಅದರ ಮುಂದಿನದು ಸಾಮಾನ್ಯವಾಗಿ 5 ವರ್ಷದ್ದು. ಆದಕಾರಣ ಹಳೆಯ ಪಾಸ್‌ಪೋರ್ಟನ್ನು ಎಸೆಯದೆ ಜೋಪಾನವಾಗಿಡಿ. ವೀಸಾ ಎಷ್ಟು ವರ್ಷದ್ದಾದರೂ, ಯಾವುದೇ 180 ದಿನಗಳಲ್ಲಿ ಅಲ್ಲಿರಬಹುದಾದದ್ದು 90 ದಿನ ಮಾತ್ರ.

ನಮ್ಮವರೇ ಆದ ವಲಸೆ ಅಧಿಕಾರಿಗಳ ಮುಂದಿನ ಸಾಲು ತಪ್ಪಿಸಲು ಕೇಂದ್ರ ಸರ್ಕಾರದ ‘ಟ್ರಸ್ಟೆಡ್ ಟ್ರಾವೆಲರ್’ ಯೋಜನೆಯಿದೆ. 2024ರಲ್ಲಿ ದೆಹಲಿಯಲ್ಲಿ ಆರಂಭವಾಗಿ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಒಮ್ಮೆ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಂಡರೆ ಯಂತ್ರದ ಬಾಗಿಲಲ್ಲಿ ಹಾದುಹೋಗಬಹುದು.

ದೇಹದ ಗಡಿಯಾರ

ಇಟಲಿ, ಜರ್ಮನಿಗಳ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ. ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ. ದೇಹ ಇದನ್ನು ಹೇಗೋ ಸಹಿಸುತ್ತದೆ. ಪೂರ್ವಕ್ಕೆ ಮರಳುವಾಗ ದಿನ ಗಿಡ್ಡವಾಗುವುದರಿಂದ ಹೊಂದಿಕೊಳ್ಳುವುದು ಕಷ್ಟ. ದಿನಕ್ಕೆ ಒಂದು ಗಂಟೆಯಂತೆ ಸರಿಹೋಗುತ್ತದೆ ಎಂಬುದು ಸ್ಥೂಲ ಲೆಕ್ಕ.

ಇದರಿಂದ ನಾವು ಮೂರು ನಿಯಮ ಮಾಡಿಕೊಂಡಿದ್ದೇವೆ. ಇಳಿದ ದಿನ ಯಾವ ಭೇಟಿಯೂ ಇಲ್ಲ. ಬಿಸಿಲಿನಲ್ಲಿ ಒಂದು ಗಂಟೆ ನಡೆದು, ಅಲ್ಲಿನ ರಾತ್ರಿ ಬಂದ ಮೇಲೆಯೇ ಮಲಗುವುದು. ಎರಡನೆಯದಾಗಿ, ಕಪ್ಪಿಂಗ್ ಏನಿದ್ದರೂ ಮಾರನೆಯ ಬೆಳಗ್ಗೆ. ನಮ್ಮ ದೇಹ ಆಗ ಚುರುಕಾಗಿರುತ್ತದೆ, ಸಂಜೆಯ ಭೋಜನಕೂಟದಲ್ಲಿ ತೂಕಡಿಸುತ್ತದೆ. ಕೊನೆಯದಾಗಿ, ಊರಿಗೆ ಮರಳಿದ ಮೇಲೆ ಎರಡು ದಿನ ಯಾವ ಕರಾರಿಗೂ ರುಜು ಹಾಕುವುದಿಲ್ಲ.

ಪೆಟ್ಟಿಗೆಯೊಳಗೆ

ಮಾದರಿಗಳನ್ನು ಎರಡು ವಾರ ಮೊದಲೇ ಕೊರಿಯರಿನಲ್ಲಿ ಕಳಿಸಿ. ಅದರದೇ ಜೋಡಿಯನ್ನು ಮನೆಯಲ್ಲಿಟ್ಟು, ಹೊರಡುವ ಮುನ್ನ ನೀವೇ ಕುಡಿದು ನೋಡಿ. ನಾವು ಇದೊಂದನ್ನು ಮಾಡಿದ್ದರೆ ಮೇಲಿನ ಕಥೆಯನ್ನು ಬರೆಯಬೇಕಾಗಿರಲಿಲ್ಲ. ಹಾಲಿನ ಪೇಡ, ತುಪ್ಪ ಮುಂತಾದ ಹೈನು ಪದಾರ್ಥಗಳನ್ನು ಯುರೋಪಿಗೆ ಕೈಯಲ್ಲಿ ಒಯ್ಯುವಂತಿಲ್ಲ. ದುಬೈ ಮಾರ್ಗವಾದರೆ ಗಸಗಸೆಯ ಪೊಟ್ಟಣ ಖಂಡಿತ ಬೇಡ. ಅಲ್ಲಿ ಅದು ನಿಷಿದ್ಧ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು. ಅವಲಕ್ಕಿ, ಚಟ್ನಿಪುಡಿ, ಪುಟ್ಟ ಸ್ಟೀಲ್ ಫಿಲ್ಟರ್, ನಮ್ಮ ತೋಟದ ಪುಡಿ, ಇಷ್ಟಿದ್ದರೆ ಹೋಟೆಲಿನ ಕೋಣೆಯೂ ಅರ್ಧ ಮನೆಯಾಗುತ್ತದೆ.

ಒಂದು ದಿನ ನಮಗೆ

ದೇಶ ಸುತ್ತು ಎಂದರು ಹಿರಿಯರು. ಬರೀ ವಿಮಾನ ನಿಲ್ದಾಣ ಸುತ್ತು ಎನ್ನಲಿಲ್ಲ. ಪ್ರತಿ ಪ್ರವಾಸದಲ್ಲೂ ಅರ್ಧ ದಿನವನ್ನಾದರೂ ಊರು ನೋಡಲು ಇಟ್ಟುಕೊಳ್ಳುತ್ತೇವೆ. ಇಟಲಿಯ ತ್ರಿಯೆಸ್ತೆ 1719ರಿಂದ ಮುಕ್ತ ಬಂದರು, ಕಾಫಿಯ ಊರು. ವೆನಿಸ್ ಕಡೆಯಿಂದ ರೈಲಿನಲ್ಲಿ ಬಂದರೆ ಕೊನೆಯ ಹಾದಿಯಲ್ಲಿ ಬಲಕ್ಕೆ ಕಡಲು. ಅಲ್ಲಿ ‘ನೇರೊ’ ಎಂದರೆ ಎಸ್ಪ್ರೆಸೊ. ‘ಕಾಪೊ’ ಎಂದರೆ ಅದಕ್ಕೆ ತುಸು ಹಾಲು. 1914ರಲ್ಲಿ ತೆರೆದ ಸಾನ್ ಮಾರ್ಕೊ ಎಂಬ ಕಾಫಿಗೃಹದಲ್ಲಿ ಒಂದು ‘ಕಾಪೊ’ ಹಿಡಿದು ಕುಳಿತಾಗ, ಇಂಥದೇ ಬಟ್ಟಲುಗಳಲ್ಲಿ ನಮ್ಮ ಕಡೆಯ ರೊಬಸ್ಟಾ ಬೆರೆಯುತ್ತದಲ್ಲ ಎಂದು ಮನಸ್ಸು ತುಂಬಿಬಂತು. ಜರ್ಮನಿಯ ಹ್ಯಾಂಬರ್ಗಿನಲ್ಲಿ, 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕೆಂಪು ಇಟ್ಟಿಗೆಯ ಹಳೆಯ ಗೋದಾಮುಗಳ ನಡುವೆ ನಡೆದದ್ದೂ ಮರೆಯುವಂಥದ್ದಲ್ಲ. ಕೊಳ್ಳುವವರ ಊರನ್ನು ಬಲ್ಲವನ ಮಾತಿಗೆ ಬೇರೆಯೇ ತೂಕವಿರುತ್ತದೆ.

ಸಂಘಕ್ಕೊಂದು ಸೂಚನೆ

ಎಲ್ಲರೂ ಜೂನಿನಲ್ಲಿ ತೋಟ ಬಿಟ್ಟು ಹೋಗಲಾಗದು, ಹೋಗಬೇಕಾಗಿಯೂ ಇಲ್ಲ. ಸರದಿಯ ಮೇಲೆ ಒಬ್ಬರೋ ಇಬ್ಬರೋ ಹೋಗಿ, ಹತ್ತು ಸದಸ್ಯರ ಮಾದರಿಗಳನ್ನು ಅವರವರ ಹೆಸರಿನಲ್ಲೇ ಮೇಜಿಗೆ ಇಡಬಹುದು. ಉಳಿದವರು ಹೋದವರ ತೋಟದ ಔಷಧಿ ಸಿಂಪಡಣೆಗೆ ಕಣ್ಣಿಟ್ಟರೆ ಸಹಕಾರವೆಂಬ ಮಾತಿಗೂ ಅರ್ಥ ಬರುತ್ತದೆ. ಸಂಘದ ಕಚೇರಿಯಲ್ಲಿ ಒಂದು ಪ್ರಯಾಣದ ಪುಸ್ತಕವಿಡೋಣ: ಯಾವ ಊರಲ್ಲಿ ಎಲ್ಲಿ ತಂಗಿದೆವು, ಎಲ್ಲಿ ಸಸ್ಯಾಹಾರ ಸಿಕ್ಕಿತು, ಖರೀದಿದಾರರು ಏನು ಕೇಳಿದರು, ಎಲ್ಲಿ ಎಡವಿದೆವು. ಮೊದಲ ಪುಟದಲ್ಲಿ ನಮ್ಮ ಮುಗ್ಗಲು ಕಾಫಿಯ ಕಥೆಯನ್ನು ನಾವೇ ಬರೆಯುತ್ತೇವೆ. ಮುಂದಿನ ಪುಟಗಳನ್ನು ತುಂಬುವುದು ನಿಮಗೆ ಸೇರಿದ್ದು.