ಹಳೇ ಒಲೆಯ ಹಳದಿ ಉರಿ

ಜಮಾ-ಖರ್ಚು ಓದುವ ಹುಡುಗನಿಗೆ ಒಲೆಯ ಉಸಾಬರಿ ಏಕೆಂದು ಸಂಘದ ಗೆಳೆಯರು ಕೇಳಬಹುದು. ದೆಹಲಿಯಲ್ಲಿ ಕೋಣೆ ಹಿಡಿದು ತಾವೇ ಅನ್ನ ಬೇಯಿಸಿಕೊಳ್ಳುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಲ್ಲಿ ಹೊಸ ಒಲೆ ಕೊಂಡವರನ್ನು ನಾನಂತೂ ಕಾಣೆ. ಎಲ್ಲ ಯಾರೋ ಬಿಟ್ಟುಹೋದವೇ.

ನಾನಿರುವ ಚಿಕ್ಕಪ್ಪನ ಮನೆಯದೂ ಅಂಥದೇ, ಹಿತ್ತಾಳೆ ಬರ್ನರಿನ ಹಳೇ ಒಲೆ. ಮಯೂರ ವಿಹಾರದಲ್ಲಿದ್ದಾಗ ಅದಕ್ಕೆ ಇಂದ್ರಪ್ರಸ್ಥ ಗ್ಯಾಸಿನವರ ಪೈಪು ಇತ್ತು. ಕಳೆದ ಡಿಸೆಂಬರಿನಲ್ಲಿ ಬುರಾಡಿ ಕಡೆ ಬಾಡಿಗೆ ಮನೆಗೆ ಬಂದೆವು. ಆ ಮನೆಗೆ ಪೈಪಿಲ್ಲ. ಸಿಲಿಂಡರು ತಂದು ಅದೇ ಒಲೆಗೆ ಜೋಡಿಸಿದೆವು. ಉರಿ ಧಗ್ಗನೆ ಎದ್ದಿತು; ನೀಲಿಯಲ್ಲ, ಹಳದಿ. ಪಾತ್ರೆಯ ತಳವೆಲ್ಲ ಮಸಿ.

"ಬರ್ನರಿನಲ್ಲಿ ಕಸ ಕೂತಿರ್ಬೇಕು, ಸ್ವಲ್ಪ ನೋಡೋ" ಅಂದರು ಚಿಕ್ಕಮ್ಮ. ಬಿಚ್ಚಿ ತೊಳೆದೆ. ಏನೂ ಬದಲಾಗ್ಲಿಲ್ಲ. ಚಳಿಗೆ ಕಿಟಕಿ ಮುಚ್ಚಿಕೊಂಡು ಅಡಿಗೆ ಮಾಡುವ ಚಿಕ್ಕಮ್ಮನಿಗೆ ದಿನಾ ಸಂಜೆ ತಲೆನೋವು. ಥಂಡಿಯೆಂದು ಅಮೃತಾಂಜನ ಹಚ್ಚಿಸಿದೆವು! ಕೊನೆಗೆ ಗ್ಯಾಸ್ ಏಜೆನ್ಸಿಯ ಮೆಕ್ಯಾನಿಕ್ ಬಂದು, ಬರ್ನರ್ ಎತ್ತಿ ನೋಡಿ, ಇದು ಪೈಪಿನ ಜೆಟ್ ಅಂದ.

ಜೆಟ್ ಎಂದರೆ ಗ್ಯಾಸು ಹೊರಬೀಳುವ, ಸೂಜಿಮೊನೆಯಂಥ ತೂತಿರುವ ಹಿತ್ತಾಳೆಯ ಚಿಕ್ಕ ತುಂಡು. ಪೈಪಿನಲ್ಲಿ ಬರುವುದು ಹೆಚ್ಚಾಗಿ ಮೀಥೇನು. ಸಿಲಿಂಡರಿನಲ್ಲಿ ಪ್ರೊಪೇನು, ಬ್ಯುಟೇನು. ಒಂದು ಲೀಟರು ಮೀಥೇನಿಗಿಂತ ಒಂದು ಲೀಟರು ಸಿಲಿಂಡರ್ ಗ್ಯಾಸಿನ ಶಾಖ ಎರಡು ಪಟ್ಟಿಗೂ ಮೀರಿದ್ದು. ಅದಕ್ಕೇ ಪೈಪಿನ ಜೆಟ್ಟಿಗೆ ದೊಡ್ಡ ತೂತು, ಸಿಲಿಂಡರಿನದಕ್ಕೆ ಸಣ್ಣದು. ದೊಡ್ಡ ತೂತಿಗೆ ಸಿಲಿಂಡರ್ ಕೊಟ್ಟರೆ ಗ್ಯಾಸು ಹೆಚ್ಚು ನುಗ್ಗುತ್ತದೆ, ಸೇರಬೇಕಾದಷ್ಟು ಗಾಳಿ ಸೇರುವುದಿಲ್ಲ, ಅರೆಬರೆ ಸುಟ್ಟು ಮಸಿಯೂ ಕಾರ್ಬನ್ ಮಾನಾಕ್ಸೈಡೂ ಹುಟ್ಟುತ್ತವೆ. ಈ ಎರಡನೆಯದಕ್ಕೆ ವಾಸನೆಯೇ ಇಲ್ಲ. ತಲೆನೋವು ಅದರ ಮೊದಲ ಗುರುತು. ಮುಚ್ಚಿದ ಕೋಣೆಯಲ್ಲಿ ಅದು ಜೀವವನ್ನೇ ತೆಗೆಯಬಲ್ಲದು. ಜೆಟ್ ಬದಲಾಯಿಸಿದ ದಿನವೇ ಉರಿ ನೀಲಿಗೆ ತಿರುಗಿತು, ವಾರದೊಳಗೆ ತಲೆನೋವೂ ಹೋಯಿತು.

ಎಲ್ಲ ಹಳದಿ ಉರಿಗೂ ಜೆಟ್ಟೇ ಕಾರಣವೆಂದಲ್ಲ. ಬಹಳ ಸಲ ಬರೀ ಕೊಳೆ. ರೆಗ್ಯುಲೇಟರ್ ಮುಚ್ಚಿ, ಒಲೆ ತಣ್ಣಗಾದ ಮೇಲೆ ಬರ್ನರ್ ಎತ್ತಿ, ಬಿಸಿನೀರು ಹುಣಿಸೇಹಣ್ಣು ಹಾಕಿ ತಿಕ್ಕಿ. ತೂತುಗಳಿಗೆ ಪೊರಕೆಕಡ್ಡಿ ಸಾಕು. ಬರ್ನರಿನ ಕೆಳಗಿನ ಕೊಳವೆಯಲ್ಲಿ ಜೇಡರ ಬಲೆಯೋ ಜಿರಲೆಯೋ ಇದ್ದರೂ ಇದೇ ಗತಿ, ಬ್ರಷ್ ಆಡಿಸಿ ತೆಗೀಬೇಕು. ಪೂರ್ತಿ ಒಣಗಿಸಿ, ಕೊಳವೆಯ ಬಾಯಿ ಜೆಟ್ಟಿಗೆ ನೇರ ಬರುವಂತೆ ಕೂರಿಸಿ. ಜೆಟ್ಟಿಗೆ ಮಾತ್ರ ಸೂಜಿ ಹಾಕಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ಕೂದಲೆಳೆಯಷ್ಟು ಅಗಲವಾದರೂ ನಮ್ಮ ಮನೆಯ ಕತೆಯೇ. ತಿರುಪು ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರೆ! ಅದಕ್ಕೆ ಶಾಖ ತಡೆಯುವ ಬೇರೆಯೇ ಗ್ರೀಸು ಇದೆ. ಆ ಕೆಲಸವನ್ನೂ, ರೆಗ್ಯುಲೇಟರನ್ನೂ ಮೆಕ್ಯಾನಿಕ್‌ಗೇ ಬಿಡಿ.

ರಬ್ಬರ್ ಪೈಪು ಐಎಸ್‌ಐ ಗುರುತಿನದು, ಒಳಗೆ ತಂತಿಯಿರುವ ಕಿತ್ತಳೆ ಬಣ್ಣದ್ದಿರಲಿ. ಐದು ವರ್ಷಕ್ಕೆ ಬದಲಿಸಬೇಕು, ಬಿರುಕು ಕಂಡರೆ ಅಂದೇ. ಸಿಲಿಂಡರ್ ಬದಲಿಸಿದಾಗಲೆಲ್ಲ ಕೂಡುಗಳಿಗೆ ಸಾಬೂನಿನ ನೊರೆ ಹಚ್ಚಿ ನೋಡಿ. ಗುಳ್ಳೆ ಎದ್ದರೆ ಸೋರುತ್ತಿದೆ. ಕಡ್ಡಿ ಗೀರಿ ಪರೀಕ್ಷೆ ಮಾಡುವ ಶೂರರನ್ನು ನಾನು ಕಣ್ಣಾರೆ ಕಂಡಿದ್ದೇನೆ, ದೇವರು ದೊಡ್ಡವನು. ಸಿಲಿಂಡರ್ ಗ್ಯಾಸು ಗಾಳಿಗಿಂತ ಭಾರ, ನೆಲ ಹಿಡಿಯುತ್ತದೆ. ಕಿಟಕಿಯ ಜತೆ ಬಾಗಿಲನ್ನೂ ತೆಗೀಬೇಕು. ಪೈಪಿನದು ಹಗುರ, ಮೇಲೇರುತ್ತದೆ. ವಾಸನೆ ಬಂದರೆ ಫ್ಯಾನು, ದೀಪದ ಸ್ವಿಚ್ಚು ಯಾವುದನ್ನೂ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ ಹೊರಗೆ ಬಂದು ಫೋನು ಮಾಡಿ. ಸಿಲಿಂಡರಿಗೆ 1906.

ಬಿಚ್ಚಿದ ಪೈಪಿನ ಜೆಟ್ಟುಗಳನ್ನು ಚಿಕ್ಕಮ್ಮ ಬೆಂಕಿಪೊಟ್ಟಣದಲ್ಲಿ ಹಾಕಿ, ಮೇಲೆ ನನ್ನ ಕೈಲೇ 'ಪೈಪಿನದು' ಎಂದು ಬರೆಸಿ ಇಟ್ಟಿದ್ದಾರೆ. ಪೈಪು ಬಂದರೆ ಮೆಕ್ಯಾನಿಕ್‌ನ ಕೈಗೆ ಕೊಡಬೇಕು.